ಖಾಲಿ ಬಸ್ಸಿನ ತರ್ಕಶಾಸ್ತ್ರ

ಬಂಗುಡೆ ಮೀನು ಹಾರುತ್ತದೆ ಎಂದು ಬರೆಯಲು ಮನಸ್ಸು ಒಪ್ಪದ ಕಾರಣ ನಾನೊಮ್ಮೆ ಪರೀಕ್ಷೆಯಲ್ಲಿ ಫೇಲಾದವಳು. ಹೀಗೆಂದರೆ ಜನ ನಗುತ್ತಾರೆ, ನಗಲಿ. ಲೋಕದಲ್ಲಿ ಓದದೆ ಫೇಲಾದವರಿದ್ದಾರೆ, ಜ್ವರ ಬಂದು ಫೇಲಾದವರಿದ್ದಾರೆ. ಸತ್ಯಕ್ಕೋಸ್ಕರ ಫೇಲಾದವರು ಮಾತ್ರ ಬಹಳ ಕಡಿಮೆ. ಆ ಸಣ್ಣ ಗುಂಪಿನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ದೇಲಂಪಾಡಿಯ ಕಡೆಯಿಂದ ನಾನೊಬ್ಬಳು ಇದ್ದೇನೆ ಎಂಬುದು ನನ್ನ ಹೆಮ್ಮೆ.

ಪ್ರಶ್ನೆ ಹೀಗಿತ್ತು: ಎಲ್ಲ ಮೀನುಗಳೂ ಹಾರುತ್ತವೆ, ಬಂಗುಡೆ ಒಂದು ಮೀನು, ಆದ್ದರಿಂದ ಬಂಗುಡೆ ಹಾರುತ್ತದೆ. ಈ ವಾದ ಸರಿಯೋ ತಪ್ಪೋ? ನಾನು ತಪ್ಪು ಎಂದು ಬರೆದೆ. ವಾರಕ್ಕೆ ನಾಲ್ಕು ದಿನ ಬಂಗುಡೆ ತಿನ್ನುವ ಮನೆಯಲ್ಲಿ ಹುಟ್ಟಿದ ಹುಡುಗಿ ಬೇರೆ ಏನು ಬರೆದಾಳು? ಅಲ್ಲಿಗೇ ಬಿಟ್ಟಿದ್ದರೆ ಒಂದು ಪ್ರಶ್ನೆಯ ಅಂಕ ಹೋಗುತ್ತಿತ್ತು, ಅಷ್ಟೆ. ಆದರೆ ನನಗೆ ತತ್ತ್ವನಿಷ್ಠೆ ಜಾಸ್ತಿ. ಕೊನೆಯ ವಾಕ್ಯ ಸುಳ್ಳಾದ ವಾದಗಳನ್ನೆಲ್ಲ ತಪ್ಪು ಎಂದೂ ನಿಜವಾದವುಗಳನ್ನೆಲ್ಲ ಸರಿ ಎಂದೂ ಬರೆಯುತ್ತಾ ಹೋದೆ. ‘ಕೆಲವು ಹಣ್ಣುಗಳು ಹಳದಿ; ಮಾವು ಒಂದು ಹಣ್ಣು; ಆದ್ದರಿಂದ ಮಾವು ಹಳದಿ’ ಎಂದಿತ್ತು. ಮಾವು ಹಳದಿಯೇ ತಾನೆ? ಸರಿ ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಫಲಿತಾಂಶ ಬಂದಾಗ ಹಿಸ್ಟರಿಯಲ್ಲಿ ಒಳ್ಳೆಯ ಅಂಕ, ಕನ್ನಡದಲ್ಲಿ ಇನ್ನೂ ಒಳ್ಳೆಯ ಅಂಕ, ಲಾಜಿಕ್‌ನಲ್ಲಿ ಬಂಗುಡೆಗೆ ರೆಕ್ಕೆ ಬಂದು ನನ್ನ ಪಾಸು ಹಾರಿಹೋಗಿತ್ತು.

ಲಾಜಿಕ್ ನಾನು ಆರಿಸಿಕೊಂಡ ವಿಷಯವಲ್ಲ. ಬಿ.ಎ.ಗೆ ಸೇರುವ ದಿನ ನಮ್ಮೂರಿನ ಬಸ್ಸು ದಾರಿಯಲ್ಲಿ ಟಯರ್ ಪಂಕ್ಚರ್ ಆಗಿ ನಿಂತಿತು. ನಾನು ಕಾಲೇಜು ತಲುಪುವಷ್ಟರಲ್ಲಿ ಹಿಸ್ಟರಿಯ ಜೊತೆಗೆ ತೆಗೆದುಕೊಳ್ಳಬಹುದಾದ ಇತರ ವಿಷಯಗಳೆಲ್ಲ ಭರ್ತಿಯಾಗಿದ್ದವು. ಉಳಿದದ್ದು ತರ್ಕಶಾಸ್ತ್ರ ಒಂದೇ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ತರ್ಕ ಎಂದರೆ ಏನು ಎಂದು ಕೇಳಿದಳು. ಸರಿಯಾಗಿ ವಾದ ಮಾಡುವುದನ್ನು ಕಲಿಸುತ್ತಾರಂತೆ ಎಂದೆ. “ಅದಕ್ಕೆ ಫೀಸು ಕೊಡ್ಲಿಕ್ಕುಂಟಾ? ಇವಳಿಗೆ ಅದು ಹುಟ್ಟುವಾಗಲೇ ಬಂದದ್ದಲ್ವಾ?” ಎಂದು ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಜಾಣ, ವಾದದ ಮಾತು ಬಂದಾಗ ಅವರು ಬಾವಿಕಟ್ಟೆಗೆ ಹೋಗಿಬಿಡುತ್ತಾರೆ.

ನಮಗೆ ಪಾಠ ಮಾಡಿದ್ದು ಲತಿಕಾ ಟೀಚರ್. ಕೊಲ್ಲಂ ಕಡೆಯವರು, ಆಗಷ್ಟೇ ಕೆಲಸಕ್ಕೆ ಸೇರಿದ ಸಣ್ಣ ಪ್ರಾಯದವರು. ಅವರ ಮಲಯಾಳ ಎಷ್ಟು ವೇಗ ಎಂದರೆ ಕಾಸರಗೋಡಿನ ಮಲಯಾಳಿಗಳೇ ಒಂದು ಕ್ಷಣ ತಡೆದು ಅರ್ಥ ಮಾಡಿಕೊಳ್ಳುತ್ತಿದ್ದರು. ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮನೆಗಳಿಂದ ಬಂದು ಕನ್ನಡ ಮೀಡಿಯಂನಲ್ಲಿ ಕಲಿತ ನಾವು ಹಿಂದಿನ ಬೆಂಚಿನಲ್ಲಿ ಕೂತು, ಬೆಟ್ಟದ ಮೇಲೆ ಮಳೆ ಬರುವುದನ್ನು ನೋಡುವ ಹಾಗೆ ಅವರನ್ನು ನೋಡುತ್ತಿದ್ದೆವು. ಅವರಿಗೆ ಅದು ಗೊತ್ತಾಯಿತು. ಮಾರನೆಯ ವಾರದಿಂದ ಮಾತು ಕಡಿಮೆ ಮಾಡಿ ಬೋರ್ಡಿನಲ್ಲಿ ವೃತ್ತಗಳನ್ನು ಬರೆಯತೊಡಗಿದರು. ವೃತ್ತಕ್ಕೆ ಭಾಷೆ ಇಲ್ಲ. ಒಂದು ವೃತ್ತದ ಒಳಗೆ ಇನ್ನೊಂದು ವೃತ್ತ ಇದ್ದರೆ ಅದು ಕೊಲ್ಲಂನಲ್ಲೂ ಒಳಗೇ, ದೇಲಂಪಾಡಿಯಲ್ಲೂ ಒಳಗೇ.

ಲೋಕದ ತರ್ಕದ ಪುಸ್ತಕಗಳಲ್ಲೆಲ್ಲ ಗ್ರೀಸ್ ದೇಶದ ಒಬ್ಬ ಪಂಡಿತ ಮೊದಲ ಪಾಠದಲ್ಲೇ ಸಾಯುತ್ತಾನೆ. ಎಲ್ಲ ಮನುಷ್ಯರೂ ಸಾಯುವವರು, ಅವನೂ ಮನುಷ್ಯ, ಆದ್ದರಿಂದ ಅವನೂ ಸಾಯುವವನು. ಪಾಪ, ಸಾವಿರಾರು ವರ್ಷಗಳಿಂದ ಪ್ರತಿ ಜೂನ್ ತಿಂಗಳಲ್ಲಿ ಅವನಿಗೆ ಇದೇ ಗತಿ. ಲತಿಕಾ ಟೀಚರಿಗೆ ಅದು ಇಷ್ಟವಿರಲಿಲ್ಲ. “ಅವರನ್ನು ಬಿಡಿ, ನಿಮ್ಮ ನಿಮ್ಮ ಉದಾಹರಣೆ ತನ್ನಿ” ಎನ್ನುತ್ತಿದ್ದರು. ನಮ್ಮ ತರಗತಿಯಲ್ಲಿ ಆಮೇಲೆ ಯಾರೂ ಸಾಯಲಿಲ್ಲ. ಬಸ್ಸು ತಡವಾಯಿತು, ಮೀನು ಹಾಳಾಯಿತು, ಕ್ಯಾಂಟೀನಿನ ಪರೋಟ ಗಟ್ಟಿಯಾಯಿತು, ಎಲ್ಲವೂ ನಿಯಮಬದ್ಧವಾಗಿ.

ಫೇಲಾದ ಮೇಲೆ ನಾನು ಬಂಗುಡೆಯ ಜಗಳವನ್ನು ಅವರ ಬಳಿಗೆ ಒಯ್ದೆ. ಅವರು ಸಿಟ್ಟಾಗಲಿಲ್ಲ. ಲಾಜಿಕ್ ಮೀನಿನ ವಿಷಯ ಕೇಳುವುದೇ ಇಲ್ಲ, ಮೊದಲ ಎರಡು ಮಾತನ್ನು ಒಪ್ಪಿದವಳು ಮೂರನೆಯದನ್ನು ಒಲ್ಲೆ ಅನ್ನಬಹುದೇ ಎಂದಷ್ಟೇ ಕೇಳುತ್ತದೆ ಎಂದರು. ಹಾಗಾದರೆ ಸತ್ಯ ಯಾರ ಕೆಲಸ ಎಂದು ಕೇಳಿದೆ. “ಅದು ಮೀನು ಹಿಡಿಯುವವರ ಕೆಲಸ” ಎಂದು ನಕ್ಕರು. ನನಗೆ ಸಮಾಧಾನವಾಗಲಿಲ್ಲ, ಆದರೆ ಅವರ ನಗು ಇಷ್ಟವಾಯಿತು. ಇಷ್ಟವಾದ ಟೀಚರ್ ಹೇಳಿದ್ದು ಸ್ವಲ್ಪ ತಡವಾಗಿಯಾದರೂ ಅರ್ಥವಾಗುತ್ತದೆ.

ಇದೇ ಜಗಳವನ್ನು ಐರಿನ್ ಮುಂದೆ ಇಟ್ಟಾಗ ಅವಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ಐರಿನ್ ನನ್ನ ಊರಿನವಳೇ, ಕ್ರೈಸ್ತರ ಇಗರ್ಜಿಯ ಹಿಂದಿನ ಮನೆಯವಳು, ಅದೇ ತರಗತಿಯವಳು. ಲಾಜಿಕ್‌ನಲ್ಲಿ ಅವಳಿಗೆ ಆಸಕ್ತಿ ಸೊನ್ನೆ, ಅಂಕ ಮಾತ್ರ ಎಪ್ಪತ್ತು. “ಹಾರ್ಲಿ ಮಾರಾಯ್ತಿ! ಹಾರಿದ್ರೆ ನಿನಗೆಂತ? ನಿನ್ನ ಬಟ್ಟಲಿಂದ ಹಾರುದಾ?” ಎಂದಳು. ಕೊಂಕಣಿ ಮನೆಯ ಮೀನು ಸಾರಿನಲ್ಲಿ ಬೆಳೆದವಳು ಮೀನಿನ ಬಗ್ಗೆ ಇಷ್ಟು ಉದಾರಿಯಾದದ್ದು ನನಗೆ ಆಶ್ಚರ್ಯ.

ಆ ವರ್ಷ ಟೀಚರ್ ಮಾಡಿದ ಪಾಠಗಳಲ್ಲಿ ನನ್ನನ್ನು ಬೆಂಚಿನಿಂದ ಎಬ್ಬಿಸಿದ್ದು ಒಂದೇ ಒಂದು. ಒಂದು ದಿನ ಬೋರ್ಡಿನ ಮೇಲೆ ಬರೆದರು: ಈ ತರಗತಿಯಲ್ಲಿರುವ ಎಲ್ಲ ಆನೆಗಳೂ ಮಲಯಾಳ ಮಾತಾಡುತ್ತವೆ. ಇದು ನಿಜವೋ ಸುಳ್ಳೋ? ನಾವೆಲ್ಲ ಸುಳ್ಳು ಎಂದು ಕೂಗಿದೆವು. ಸುಳ್ಳಾದರೆ ಮಲಯಾಳ ಬಾರದ ಒಂದು ಆನೆಯನ್ನು ಈ ತರಗತಿಯಲ್ಲಿ ತೋರಿಸಿ ಎಂದರು. ತೋರಿಸುವುದೆಲ್ಲಿಂದ? ತೋರಿಸಲಾಗದಿದ್ದರೆ ವಾಕ್ಯ ನಿಜವೆಂದೇ ಲೆಕ್ಕ, ಹೊಸ ತರ್ಕದ ಮತ ಇದು ಎಂದರು. ನಾನು ಎದ್ದು ನಿಂತು, ಹಾಗಾದರೆ ಈ ತರಗತಿಯ ಎಲ್ಲ ಆನೆಗಳೂ ಕನ್ನಡ ಮಾತಾಡುತ್ತವೆ ಎಂದರೆ ಅದೂ ನಿಜವೇ ಎಂದು ಕೇಳಿದೆ. ಅದೂ ನಿಜ ಎಂದರು. ನಮ್ಮ ಬೆಂಚು ಮೇಜು ಬಡಿಯಿತು, ಮಲಯಾಳದವರ ಬೆಂಚೂ ಬಡಿಯಿತು. ಕಾಸರಗೋಡಿನಲ್ಲಿ ಮಲಯಾಳದವರೂ ಕನ್ನಡದವರೂ ಒಟ್ಟಿಗೆ ಗೆದ್ದ ಜಾಗ ಅದೊಂದೇ ಇರಬೇಕು. ಆನೆ ಬಾರದೆ ಇದ್ದರೆ ಸಾಕು. ಆದರೆ ಈ ಮಾತನ್ನು ನಮ್ಮೂರಿನಲ್ಲಿ ಹೇಳುವಾಗ ಸ್ವಲ್ಪ ಜಾಗ್ರತೆ ಬೇಕು. ಕಾಡಿನ ಅಂಚಿನ ನಮ್ಮ ಕಡೆ ‘ಇಲ್ಲಿ ಆನೆ ಇಲ್ಲ’ ಎನ್ನುವ ಮೊದಲು ಬಾಳೆಗಿಡಗಳ ಹಿಂದೆ ಒಮ್ಮೆ ನೋಡಿಕೊಳ್ಳುವುದು ವಾಡಿಕೆ.

ಹಳೆಯ ಗ್ರೀಕರು ಇದನ್ನು ಒಪ್ಪುತ್ತಿರಲಿಲ್ಲವಂತೆ. ‘ಎಲ್ಲ’ ಎಂದು ಬಾಯಿಬಿಟ್ಟರೆ ಒಬ್ಬರಾದರೂ ಇರಬೇಕು ಎಂದು ಅವರ ಮತ. ನಮ್ಮ ದೇಶದ ಹಳೆಯ ತರ್ಕಪಂಡಿತರಾದ ನೈಯಾಯಿಕರು ಇನ್ನೂ ಗಟ್ಟಿ. ಬೆಟ್ಟದಲ್ಲಿ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ ಎಂದರೆ ಅವರಿಗೆ ಸಾಲದು. ಹೊಗೆ ಇದ್ದಲ್ಲಿ ಬೆಂಕಿ ಇರುವುದಕ್ಕೆ ಒಂದು ದೃಷ್ಟಾಂತ ತೋರಿಸಬೇಕು. ಆ ದೃಷ್ಟಾಂತ ಯಾವುದು ಗೊತ್ತೇ? ಅಡುಗೆಮನೆ. ಅಷ್ಟು ದೊಡ್ಡ ಶಾಸ್ತ್ರವನ್ನು ಹೊತ್ತು ನಿಂತದ್ದು ಒಂದು ಒಲೆ! ಸೌದೆ ಒದ್ದೆಯಾಗಿದ್ದರೆ ಮಾತ್ರ ಬೆಂಕಿಯಿಂದ ಹೊಗೆ ಏಳುತ್ತದೆ ಎಂಬುದನ್ನೂ ಅವರು ಬಿಟ್ಟಿಲ್ಲವಂತೆ. ಜುಲೈ ತಿಂಗಳಲ್ಲಿ ಊದಿ ಊದಿ ಕಣ್ಣು ಕೆಂಪಾದ ಅಮ್ಮನಿಗೆ ಇದನ್ನು ಹೇಳಿದಾಗ, “ಆ ಶಾಸ್ತ್ರಿಗಳನ್ನು ಕರ್ಕೊಂಡು ಬಾ, ಸ್ವಲ್ಪ ಊದ್ಲಿ” ಎಂದಳು.

ಇಷ್ಟು ಪೀಠಿಕೆ ಹಾಕಿದ್ದು ವಿಶ್ವಣ್ಣನ ಬಸ್ಸಿಗೆ ನಿಮ್ಮನ್ನು ಹತ್ತಿಸಲಿಕ್ಕೆ. ಆದರೆ ಹತ್ತುವುದು ಅಷ್ಟು ಸುಲಭವಲ್ಲ. ಕೇರಳದ ಪ್ರೈವೇಟ್ ಬಸ್ಸುಗಳಲ್ಲಿ ಓದಿದವರಿಗೆ ಇದು ಗೊತ್ತು. ಪಾಸ್ ಇರುವ ವಿದ್ಯಾರ್ಥಿಗಳಿಗೆ ಟಿಕೆಟಿನಲ್ಲಿ ದೊಡ್ಡ ರಿಯಾಯಿತಿ ಉಂಟು. ಅದರ ಬದಲಿಗೆ ಅವರು ಬಸ್ಸಿನ ಹೊರಗೆ ಸಾಲಾಗಿ ನಿಲ್ಲಬೇಕು. ಫುಲ್ ಟಿಕೆಟಿನವರೆಲ್ಲ ಹತ್ತಿ ಕೂತು, ಡ್ರೈವರ್ ಇಂಜಿನ್ ಶುರು ಮಾಡಿದ ಮೇಲೆ ಕಂಡಕ್ಟರ್ ತಲೆ ಅಲ್ಲಾಡಿಸುತ್ತಾನೆ. ಆಗ ಓಡಿ ಹತ್ತಬೇಕು. ಸೀಟು ಖಾಲಿ ಇದ್ದರೂ ಕೂರುವ ಹಾಗಿಲ್ಲ. ಕೂತರೂ ಮುಂದಿನ ಸ್ಟಾಪಿನಲ್ಲಿ “ಪಾಸಿನವರು ಏಳಿ” ಎಂಬ ಕೂಗು ಬರುತ್ತದೆ. ಕಾನೂನಿನಲ್ಲಿ ಹೀಗೆ ಇದೆಯೇ ಎಂದು ಕೇಳಬೇಡಿ. ಬಸ್ಸಿನವರ ಲೋಕದಲ್ಲಿ ಮನುಷ್ಯರಲ್ಲಿ ಎರಡು ಜಾತಿ: ಪ್ಯಾಸೆಂಜರ್ ಮತ್ತು ಸ್ಟೂಡೆಂಟ್. ಸ್ಟೂಡೆಂಟ್ ಎಂದರೆ ಪ್ಯಾಸೆಂಜರ್ ಅಲ್ಲ. ಟೀಚರಿನ ಬೋರ್ಡಿನಲ್ಲಿ ಬರೆದರೆ ಎರಡು ವೃತ್ತಗಳು, ಒಂದಕ್ಕೊಂದು ಮುಟ್ಟದೆ ದೂರ ದೂರ.

ವಿಶ್ವಣ್ಣ ನಮ್ಮೂರಿನಿಂದ ಕಾಸರಗೋಡಿಗೆ ಹೋಗುವ ಬಸ್ಸಿನ ಕಂಡಕ್ಟರ್. ಒಳ್ಳೆಯ ಮನುಷ್ಯ. ನಮ್ಮ ಮನೆಯವರಿಗೆಲ್ಲ ಗುರುತಿನವರು, ಮದುವೆಗೆ ಕರೆದರೆ ಬರುವವರು. ಮದುವೆಯಲ್ಲಿ “ಎಂತ ಮಗಾ, ಊಟ ಆಯ್ತಾ?” ಎಂದು ಪ್ರೀತಿಯಿಂದ ಕೇಳುವ ಅದೇ ಬಾಯಿ ಮಾರನೆಯ ದಿನ ಬಸ್ಸಿನ ಬಾಗಿಲಲ್ಲಿ “ಹಿಂದೆ ನಿಲ್ಲಿ, ಹಿಂದೆ ನಿಲ್ಲಿ” ಎನ್ನುತ್ತದೆ. ಅವರಿಗೆ ತಮ್ಮ ಬಸ್ಸಿನ ಬಗ್ಗೆ ಒಂದು ಜಂಬ ಇತ್ತು. “ನಮ್ಮ ಬಸ್ಸು ಟ್ರಿಪ್ ಕಟ್ ಮಾಡುದಿಲ್ಲ. ಒಬ್ಬ ಪ್ಯಾಸೆಂಜರ್ ಇದ್ರೂ ಬಿಡ್ತೇವೆ” ಎಂದು ಹೇಳಿಕೊಳ್ಳುತ್ತಿದ್ದರು. ಬೇರೆ ಬಸ್ಸುಗಳು ಜನ ಕಡಿಮೆ ಇದ್ದರೆ ಟ್ರಿಪ್ ನಿಲ್ಲಿಸಿ ಗ್ಯಾರೇಜಿಗೆ ಹೋಗುತ್ತಿದ್ದ ಕಾಲ ಅದು. ಆ ಒಂದು ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾನು ಮತ್ತೊಮ್ಮೆ ಲಾಜಿಕ್ ಪರೀಕ್ಷೆ ಬರೆಯುವ ದಿನ ಬಂತು. ಅಷ್ಟರಲ್ಲಿ ನಮ್ಮ ಬಿ.ಎ. ಮುಗಿದಿತ್ತು, ನನ್ನದು ಈ ಒಂದು ಪೇಪರಿಗೆ ಜೋತುಬಿದ್ದಿತ್ತು. ಪಾಸಾದರೆ ಬಿ.ಎಡ್. ಸೀಟು. ಬರೆಯದಿದ್ದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಬಿ.ಎಡ್. ಇಲ್ಲ, ಬಿ.ಎಡ್. ಇಲ್ಲದಿದ್ದರೆ ಒಂದು ವರ್ಷ ಮನೆಯಲ್ಲಿ. ಮನೆಯಲ್ಲಿ ಕೂತರೆ ಅತ್ತೆ ತರುವ ಸಂಬಂಧಗಳು. ಅತ್ತೆ ಈಗಾಗಲೇ ಒಬ್ಬ ಹುಡುಗನ ಫೋಟೋ ತಂದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದರು. ತರ್ಕದ ಪುಸ್ತಕದಲ್ಲಿ ಹೀಗೆ ಒಂದರ ಬಾಲ ಒಂದು ಹಿಡಿಯುವ ವಾಕ್ಯಗಳ ಸರಪಳಿಗೆ ಒಂದು ಹೆಸರಿದೆ. ಆ ಹೆಸರು ನನಗೆ ಆಗಲೂ ನೆನಪಿರಲಿಲ್ಲ, ಆದರೆ ಸರಪಳಿಯ ಕೊನೆಯಲ್ಲಿದ್ದ ಹುಡುಗನ ಮೀಸೆ ಚೆನ್ನಾಗಿ ನೆನಪಿತ್ತು.

ಐರಿನ್‌ಗೆ ಪರೀಕ್ಷೆ ಇರಲಿಲ್ಲ. ಆದರೂ ಬೆಳಿಗ್ಗೆ ಛತ್ರಿ ಹಿಡಿದು ಬಂದು ನಿಂತಳು. ನೀನೇಕೆ ಎಂದದ್ದಕ್ಕೆ, “ಪೇಟೆಗೆ ಹೋಗದೆ ತಿಂಗಳಾಯ್ತು. ನೀನು ಬರೆದು ಬಾ, ನಾನು ಶಾರ್ಜಾ ಕುಡೀಬೇಕು” ಎಂದಳು. ಶಾರ್ಜಾ ಎಂದರೆ ಊರಲ್ಲ. ಬಾಳೆಹಣ್ಣನ್ನು ಮಂಜುಗಟ್ಟಿದ ಹಾಲಿನಲ್ಲಿ ಅರೆದು ಮಾಡುವ ಶೇಕ್. ನಮ್ಮ ಕಡೆಯ ಕೂಲ್‌ಬಾರುಗಳ ರಾಜ. ಅದಕ್ಕೆಂದು ಅವಳು ಹಣವನ್ನು ಕರ್ಚೀಫಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದಳು. ನಮ್ಮ ಬಸ್ ಪಾಸಿನ ಅವಧಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ ನನ್ನ ಕೈಯಲ್ಲಿದ್ದದ್ದು ಪಾಸಿನ ಚಿಲ್ಲರೆ ಮಾತ್ರ.

ಸ್ಟಾಪಿಗೆ ಬಂದರೆ ಬಸ್ಸು ನಿಂತಿದೆ, ಜನ ಇಲ್ಲ. ಒಬ್ಬರೂ ಇಲ್ಲ. ಹಿಂದಿನ ಸಂಜೆ ಕಾಸರಗೋಡು ದಾರಿಯ ಚೆರ್ಕಳದಲ್ಲಿ ಯಾವುದೋ ಬಸ್ಸಿನವರಿಗೂ ಕಾರಿನವರಿಗೂ ಮಾತಿಗೆ ಮಾತು ಬೆಳೆದಿತ್ತಂತೆ. ‘ನಾಳೆ ಬಸ್ ಸಮರ’ ಎಂಬ ಸುದ್ದಿ ರಾತ್ರಿಯೇ ಊರು ಸೇರಿತ್ತು. ಸಮರ ಎಂದರೆ ನಮ್ಮಲ್ಲಿ ಯುದ್ಧವಲ್ಲ, ಮುಷ್ಕರ. ಮಲಯಾಳದಿಂದ ಬಂದು ನಮ್ಮದೇ ಆದ ಮಾತು. ವಿದ್ಯಾನಗರದ ಆಫೀಸಿಗೆ ಹೋಗುವ ಗುಮಾಸ್ತರು, ಪೇಟೆಯ ಅಂಗಡಿಗಳಿಗೆ ಹೋಗುವವರು ಎಲ್ಲರೂ ನಸುಕಿನಲ್ಲೇ ಜೀಪು ಹಿಡಿದು ಹೋಗಿದ್ದರು. ಅಸಲಿಗೆ ಸಮರವೇ ಇರಲಿಲ್ಲ. ಆದರೆ ಸಮರ ಇದೆ ಎಂದು ಜನ ಬರಲಿಲ್ಲ, ಜನ ಬರಲಿಲ್ಲ ಎಂದು ಬಸ್ಸು ಹೊರಡುವುದಿಲ್ಲ, ಬಸ್ಸು ಹೊರಡದಿದ್ದರೆ ಸಮರ ನಿಜವಾಗುತ್ತದೆ. ಟೀಚರ್ ಚಕ್ರದೋಷ ಎಂದು ಕಲಿಸಿದ್ದು ನಾಲ್ಕು ಚಕ್ರಗಳ ಮೇಲೆ ನನ್ನ ಎದುರಿಗೇ ನಿಂತಿತ್ತು. ಮೊಬೈಲು ಬಂದಿದ್ದ ಕಾಲವೇ, ಆದರೆ ನಮ್ಮೂರಿಗೆ ರೇಂಜ್ ಬಂದಿರಲಿಲ್ಲ. ಇನ್ನೊಂದು ಜೀಪು ಬರುವುದು ಸಂಜೆಗೆ.

ನಾನು ಬಾಗಿಲ ಬಳಿ ಹೋದೆ. ಮಳೆ ಹನಿಯುತ್ತಿತ್ತು. ವಿಶ್ವಣ್ಣ ಮೆಟ್ಟಿಲ ಮೇಲೆ ಅಡ್ಡ ನಿಂತಿದ್ದರು.

“ಪರೀಕ್ಷೆ ಉಂಟು ವಿಶ್ವಣ್ಣ. ಹತ್ತಲಾ?”

“ಪ್ಯಾಸೆಂಜರ್ ಹತ್ತಿ ಆಗ್ಲಿ ಮಗಾ.”

“ಪ್ಯಾಸೆಂಜರ್ ಎಲ್ಲಿದ್ದಾರೆ?”

“ಅದೇ ಅಲ್ವಾ ನಾನೂ ನೋಡುದು? ಇಲ್ಲದಿದ್ರೆ ಟ್ರಿಪ್ಪೇ ಇಲ್ಲ ಇವತ್ತು. ಖಾಲಿ ಓಡಿಸಿದ್ರೆ ಬಸ್ಸಿನ ಮೊದಲಾಳಿ ನನ್ನನ್ನು ಕೆಲಸದಲ್ಲಿ ಇಡ್ತಾರಾ?”

ಆಗ ನನ್ನ ತಲೆಯಲ್ಲಿ ಆನೆ ಹೆಜ್ಜೆ ಇಟ್ಟಿತು. ನಾನು ಹೇಳಿದೆ: “ವಿಶ್ವಣ್ಣ, ನಿಮ್ಮ ರೂಲ್ ಎಂತ? ಎಲ್ಲ ಪ್ಯಾಸೆಂಜರ್ ಹತ್ತಿದ ಮೇಲೆ ಸ್ಟೂಡೆಂಟ್ಸ್ ಹತ್ತುದು. ಅಲ್ವಾ?”

“ಹೌದು.”

“ಹತ್ತದೆ ಹೊರಗೆ ಉಳಿದ ಪ್ಯಾಸೆಂಜರ್ ಒಬ್ಬರನ್ನು ತೋರಿಸಿ ನೋಡುವ.”

ವಿಶ್ವಣ್ಣ ನಿಜಕ್ಕೂ ಸುತ್ತ ನೋಡಿದರು. ಮುಚ್ಚಿದ ಅಂಗಡಿ, ಒದ್ದೆಯಾದ ನಾಯಿ, ಐರಿನ್. “ಯಾರೂ ಇಲ್ಲ” ಎಂದರು.

“ಹೊರಗೆ ಯಾರೂ ಉಳೀಲಿಲ್ಲ ಅಂದ್ರೆ ಎಲ್ಲರೂ ಹತ್ತಿ ಆಯ್ತು ಅಂತ. ಇನ್ನು ನಾವು ಹತ್ತಬಹುದು.”

ಜಗತ್ತಿನ ಹೊಸ ತರ್ಕವೆಲ್ಲ ಆ ಕ್ಷಣ ನನ್ನ ಬೆನ್ನಿಗೆ ನಿಂತಿತ್ತು. ಲತಿಕಾ ಟೀಚರ್ ಇದ್ದಿದ್ದರೆ ಮೇಜು ಬಡಿಯುತ್ತಿದ್ದರು. ವಿಶ್ವಣ್ಣ ಟಿಕೆಟು ಬ್ಯಾಗನ್ನು ಹೆಗಲಿಗೆ ಸರಿಸಿಕೊಂಡು, ಬಸ್ಸಿನ ಒಳಗೆ ಕೈ ತೋರಿಸಿ ಕೇಳಿದರು: “ಎಲ್ಲರೂ ಹತ್ತಿದ್ದಾ? ಹಾಗಾದ್ರೆ ಹತ್ತಿದವ ಒಬ್ಬನನ್ನು ನೀನು ತೋರಿಸು.”

ನಾನು ಒಳಗೆ ನೋಡಿದೆ. ಖಾಲಿ ಸೀಟುಗಳು, ಡ್ರೈವರ್, ಡ್ರೈವರಿನ ಎದುರು ಮಲ್ಲಿಗೆ ಹಾಕಿದ ದೇವರ ಫೋಟೋ. ದೇವರು ಫುಲ್ ಟಿಕೆಟೋ ಪಾಸೋ ಎಂದು ಕೇಳುವ ಧೈರ್ಯ ಆಗಲಿಲ್ಲ.

ವಿಶ್ವಣ್ಣ ನೈಯಾಯಿಕರು ಎಂದು ಆಗ ತಿಳಿಯಿತು. ಅವರಿಗೆ ದೃಷ್ಟಾಂತ ಬೇಕು. ಅಡುಗೆಮನೆ ತೋರಿಸದೆ ಬೆಂಕಿಯನ್ನು ಒಪ್ಪುವವರಲ್ಲ. ನಾನು ಹತ್ತದವನನ್ನು ತೋರಿಸಿ ಎನ್ನುತ್ತೇನೆ, ಅವರು ಹತ್ತಿದವನನ್ನು ತೋರಿಸು ಎನ್ನುತ್ತಾರೆ. ಇಬ್ಬರೂ ಸರಿ. ಇಬ್ಬರೂ ಸರಿಯಾದ ಆ ಜಾಗದಲ್ಲಿ ನನ್ನ ಬಿ.ಎಡ್. ಮಳೆಗೆ ಒದ್ದೆಯಾಗುತ್ತಿತ್ತು. ಡ್ರೈವರ್ ಬೀಡಿ ಕಿಟಕಿಯಿಂದ ಎಸೆದು, ವಾದ ಮುಗಿಯದಿದ್ದರೆ ತಾನು ಬಸ್ಸು ತಿರುಗಿಸಿ ಮನೆಗೆ ಹೋಗುತ್ತೇನೆ ಎಂದ. ನನಗೆ ನಿಜಕ್ಕೂ ಅಳು ಬಂತು. ವಾದದಲ್ಲಿ ಸೋತು ಅತ್ತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಗೆದ್ದು ಅಳುವುದಕ್ಕೆ ಯಾವ ಶಾಸ್ತ್ರದಲ್ಲೂ ಆಧಾರವಿಲ್ಲ.

“ವಿಶ್ವಣ್ಣ, ಒಬ್ಬ ಪ್ಯಾಸೆಂಜರ್ ಇದ್ರೂ ಬಿಡ್ತೇವೆ ಅಂತ ನೀವು ಹೇಳುದುಂಟಲ್ವಾ?” ಹಿಂದಿನಿಂದ ಐರಿನ್ ಸ್ವರ.

“ಉಂಟು. ಆ ಮಾತಿಗೆ ಈಗಲೂ ತಪ್ಪುವವನಲ್ಲ.”

“ಹಾಗಾದ್ರೆ ಒಂದು ಕಾಸರಗೋಡು ಕೊಡಿ. ಫುಲ್.”

ವಿಶ್ವಣ್ಣನಿಗೆ ಅರ್ಥವಾಗಲಿಲ್ಲ. “ನೀನು ಸ್ಟೂಡೆಂಟ್ ಅಲ್ವಾ ಮಾರಾಯ್ತಿ?”

“ನನ್ನ ಪರೀಕ್ಷೆ ಎಲ್ಲ ಆಯ್ತು, ಪಾಸೂ ಆಯ್ತು. ಇವತ್ತು ಪೇಟೆಗೆ ಹೋಗುವ ಪ್ಯಾಸೆಂಜರ್ ನಾನು. ಮಳೆ ಬರ್ತದೆ, ಸ್ವಲ್ಪ ಆಚೆ ನಿಲ್ತೀರಾ?”

ಕರ್ಚೀಫಿನ ಗಂಟು ಬಿಚ್ಚಿ ಹಣ ಕೊಟ್ಟಳು. ವಿಶ್ವಣ್ಣ ಒಂದು ಕ್ಷಣ ಅವಳನ್ನು, ಒಂದು ಕ್ಷಣ ನನ್ನನ್ನು ನೋಡಿದರು. ಮತ್ತೆ ಬಾಗಿಲಿನಿಂದ ಸರಿದು ನಿಂತರು. ಐರಿನ್ ಛತ್ರಿ ಮಡಚಿ, ನೀರು ಕೊಡವಿ, ಮೂರು ವರ್ಷ ತಾನು ನಿಂತುಕೊಂಡೇ ಪ್ರಯಾಣ ಮಾಡಿದ ಆ ಬಸ್ಸಿನ ಎದುರಿನ ಕಿಟಕಿ ಸೀಟಿನಲ್ಲಿ ಮದುಮಗಳ ಹಾಗೆ ಕೂತಳು. ಮತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಂಭೀರವಾಗಿ ಹೇಳಿದಳು: “ಎಲ್ಲ ಪ್ಯಾಸೆಂಜರ್ ಹತ್ತಿ ಆಯ್ತು. ಇನ್ನು ಸ್ಟೂಡೆಂಟ್ಸ್ ಹತ್ಲಿ.”

ಮೊದಲು ನಕ್ಕದ್ದು ಡ್ರೈವರ್. ಮತ್ತೆ ವಿಶ್ವಣ್ಣ, ಹೊಟ್ಟೆಯ ಮೇಲಿನ ಟಿಕೆಟು ಬ್ಯಾಗು ಕುಣಿಯುವಷ್ಟು. “ನಿಮ್ಮ ಕಾಲೇಜಿನಲ್ಲಿ ಇದನ್ನಾ ಕಲಿಸುದು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಗ್ಗ ಎಳೆದರು. ಡಬಲ್ ಬೆಲ್. ಅದಕ್ಕಿಂತ ಇಂಪಾದ ಸಂಗೀತವನ್ನು ನಾನು ಇದುವರೆಗೆ ಕೇಳಿಲ್ಲ.

ಮುಂದೆ ಆದದ್ದು ಇನ್ನೂ ಚಂದ. ಬಸ್ಸಿನ ಹಾರ್ನ್ ಕೇಳಿದ ಕೂಡಲೇ ದಾರಿಯ ಮನೆಗಳಿಂದ ಜನ ಇಣುಕಿದರು. ಸಮರ ಇಲ್ಲವೆಂದು ತಿಳಿದು ಆದೂರಿನಲ್ಲಿ ಕೆಲವರು ಓಡಿ ಬಂದರು, ಮುಳ್ಳೇರಿಯಾದಲ್ಲಿ ಹಿಂಡೇ ಬಂತು. ಬೋವಿಕ್ಕಾನ ದಾಟುವಾಗ ಕಾಲಿಡಲು ಜಾಗವಿರಲಿಲ್ಲ. ವಿಶ್ವಣ್ಣ ಜನರ ನಡುವೆ ಈಜುತ್ತಾ ಟಿಕೆಟು ಹರಿಯುತ್ತಿದ್ದರು. ಆ ಸಂತೋಷದಲ್ಲೂ ಅವರು ತತ್ತ್ವ ಬಿಡಲಿಲ್ಲ. ನಾನು ಖಾಲಿ ಬಸ್ಸು ಎಂದು ಧೈರ್ಯ ಮಾಡಿ ಐರಿನ್ ಪಕ್ಕ ಕೂತಿದ್ದೆ. ಆದೂರು ಬಂದದ್ದೇ “ಪಾಸಿನವರು ಏಳಿ” ಎಂದು ಸ್ವರ ಕೇಳಿಸಿತು. ಬಸ್ಸಿನಲ್ಲಿ ಪಾಸಿನವಳು ನಾನೊಬ್ಬಳೇ. ‘ಎಲ್ಲ ಪಾಸಿನವರು’ ಎಂಬ ವರ್ಗಕ್ಕೆ ಏಕೈಕ ದೃಷ್ಟಾಂತವಾಗಿ ನಾನು ಎದ್ದು ನಿಂತೆ. ಐರಿನ್ ನನ್ನ ಹಾಲ್ ಟಿಕೆಟಿನ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಕೂತವರು ನಿಂತವರನ್ನು ನೋಡುವ ಆ ದಯಾರ್ದ್ರ ನೋಟದಿಂದ ಚೆರ್ಕಳದವರೆಗೂ ನನ್ನನ್ನು ನೋಡಿದಳು.

ಪರೀಕ್ಷೆ ಬರೆದೆ. ಈ ಸಲ ಬಂಗುಡೆ ಇರಲಿಲ್ಲ, ಕಾಗೆ ಇತ್ತು. ಎಲ್ಲ ಕಾಗೆಗಳೂ ಬಿಳಿ ಎಂದಿತ್ತು. ಹಾರ್ಲಿ ಮಾರಾಯ್ತಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಎಲ್ಲ ಕಾಗೆಗಳಿಗೂ ಸುಣ್ಣ ಬಳಿದೆ. ಆನೆಯ ಪ್ರಶ್ನೆ ಬರಲೇ ಇಲ್ಲ. ಅಷ್ಟು ಚೆನ್ನಾಗಿ ಕಲಿತದ್ದನ್ನು ಯಾರೂ ಕೇಳಲಿಲ್ಲವಲ್ಲ ಎಂದು ಸ್ವಲ್ಪ ಬೇಸರವಾದದ್ದು ನಿಜ.

ಹೊರಗೆ ಬಂದರೆ ವರಾಂಡದ ಕಂಬಕ್ಕೆ ಒರಗಿ ಐರಿನ್ ತೂಕಡಿಸುತ್ತಿದ್ದಳು. ಕೂಲ್‌ಬಾರಿಗೆ ಹೋದೆವು. ಇಬ್ಬರ ಹಣ ಸೇರಿಸಿದರೆ ವಾಪಸು ಬಸ್ಸಿನದ್ದನ್ನು ತೆಗೆದು ಒಂದು ಲೈಮ್ ಜ್ಯೂಸಿಗೆ ಸಾಕಾಗುತ್ತಿತ್ತು. ಒಂದು ಲೈಮ್, ಎರಡು ಗ್ಲಾಸು. ಪಕ್ಕದ ಮೇಜಿಗೆ ಬಂದ ಶಾರ್ಜಾವನ್ನು ಐರಿನ್ ಕಣ್ಣಲ್ಲೇ ಕುಡಿದಳು. ಆಗಷ್ಟೇ ಮೂರು ಗಂಟೆ ಲಾಜಿಕ್ ಬರೆದ ನನ್ನ ತಲೆ ಇನ್ನೂ ಓಡುತ್ತಿತ್ತು. ಥಟ್ಟನೆ ಒಂದು ದೋಷ ಕಂಡಿತು.

“ಐರಿನ್, ನೀನು ಬಂದದ್ದು ಶಾರ್ಜಾ ಕುಡಿಯಲಿಕ್ಕೆ ಅಲ್ವಾ?”

“ಹೌದು.”

“ಶಾರ್ಜಾದ ಹಣ ಟಿಕೆಟಿಗೆ ಹೋಯ್ತು. ಆದೂರಿನಲ್ಲಿ ಬೇರೆ ಪ್ಯಾಸೆಂಜರ್ ಹತ್ತಿದ್ರು, ಮತ್ತೆ ಟ್ರಿಪ್ ಕಟ್ ಆಗ್ತಿರಲಿಲ್ಲ. ನೀನು ಅಲ್ಲೇ ಇಳಿದು ಮನೆಗೆ ಹೋಗಬಹುದಿತ್ತಲ್ವಾ? ಮತ್ತೆ ಎಂತಕ್ಕೆ ಇಲ್ಲಿವರೆಗೆ ಬಂದು ವರಾಂಡದಲ್ಲಿ ಕೂತದ್ದು?”

ಐರಿನ್ ಗ್ಲಾಸಿನ ತಳದಲ್ಲಿದ್ದ ಸಕ್ಕರೆಯನ್ನು ಚಮಚದಿಂದ ಕೆರೆಯುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: “ಸುಮ್ಮನೆ.”

ನಾನು ಪಾಸಾದೆ. ಬಿ.ಎಡ್. ಆಯಿತು, ಕನ್ನಡ ಶಾಲೆಯಲ್ಲಿ ಕೆಲಸವೂ ಆಯಿತು. ಅತ್ತೆಯ ಕ್ಯಾಲೆಂಡರಿನ ಹಿಂದಿದ್ದ ಹುಡುಗ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾನೆ, ಮೀಸೆ ತೆಗೆದನಂತೆ. ಐರಿನ್ ಈಗ ವಿದ್ಯಾನಗರದ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತೆ. ದಿನಾ ಫುಲ್ ಟಿಕೆಟು, ದಿನಾ ಕಿಟಕಿ ಸೀಟು. ವಿಶ್ವಣ್ಣ ಕೆಲಸ ಬಿಟ್ಟರು. ಬಸ್ಸು ಬದಲಾಯಿತು, ಬಾಗಿಲ ಹೊರಗಿನ ಸಾಲು ಬದಲಾಗಲಿಲ್ಲ. ಕಳೆದ ಮಳೆಗಾಲದಲ್ಲಿ ಅವಳ ಜೊತೆ ಹೋಗಬೇಕಾಗಿ ಬಂತು. ಹೊರಗೆ ಸ್ಕೂಲಿನ, ಕಾಲೇಜಿನ ಮಕ್ಕಳು ಬ್ಯಾಗನ್ನು ತಲೆಯ ಮೇಲಿಟ್ಟು ಒದ್ದೆಯಾಗುತ್ತಾ ನಿಂತಿದ್ದರು. ಐರಿನ್ ಕಿಟಕಿಯ ಶಟರ್ ಎತ್ತಿ, ಇಡೀ ಸ್ಟಾಪಿಗೆ ಕೇಳುವ ಹಾಗೆ ಹೊಸ ಕಂಡಕ್ಟರಿಗೆ ಕೂಗಿದಳು: “ಹೋಯ್, ನಾನು ಹತ್ತಿ ಆಯ್ತು. ಇನ್ನು ಮಕ್ಕಳನ್ನು ಹತ್ತಿಸಿ!” ಅವನು ಗೊಣಗುತ್ತಾ ಸರಿದು ನಿಂತ. ದಿನಾ ಹೀಗೇ ಕೂಗುತ್ತಾಳಂತೆ, ಅವನಿಗೂ ಅಭ್ಯಾಸವಾಗಿದೆ.

ತರ್ಕಶಾಸ್ತ್ರದಲ್ಲಿ ಆಧಾರವಾಕ್ಯ ಬಿದ್ದರೆ ತೀರ್ಮಾನವೂ ನಿಲ್ಲುವುದಿಲ್ಲ. ಶಾರ್ಜಾ ಹೋದ ಮೇಲೂ ವರಾಂಡದಲ್ಲಿ ತೂಕಡಿಸುತ್ತಾ ಉಳಿದ ಐರಿನ್‌ಳನ್ನು ಯಾವ ವೃತ್ತದ ಒಳಗೆ ಹಾಕಬೇಕೆಂದು ಒಮ್ಮೆ ಲತಿಕಾ ಟೀಚರಿಗೇ ಫೋನು ಮಾಡಿ ಕೇಳಿದೆ. ಅವರು ಎಲ್ಲವನ್ನೂ ಕೇಳಿ, ಬಹಳ ಹೊತ್ತು ನಕ್ಕು, ಆ ಹುಡುಗಿಗೆ ಮೊದಲು ಒಂದು ಶಾರ್ಜಾ ಕುಡಿಸು ಎಂದರು. ಕುಡಿಸಿದೆ. ಅವಳು ಎರಡು ಕುಡಿದಳು. ಎರಡನೆಯದು ಯಾಕೆ ಎಂದು ನಾನು ಕೇಳಲಿಲ್ಲ.